ಒಂದು ದಿನವೂ ಹಾಕಿಲ್ಲವಲ್ಲ

ಮಂಗಳವಾರ ಮಧ್ಯಾಹ್ನ ಅಟ್ಟದಿಂದ ಇಳಿಸಿದ ಏಳನೆಯ ಡಬ್ಬದಲ್ಲಿ ಆ ಬೂಟು ಸಿಕ್ಕಿತು. ಸುತ್ತ ತೆಳು ಕಾಗದ, ಮೂಲೆಯಲ್ಲಿ ತೇವ ಹೀರುವ ಹರಳಿನ ಪುಟ್ಟ ಪೊಟ್ಟಣ. ಚರ್ಮ ಇನ್ನೂ ಮಿರಮಿರ ಮಿಂಚುತ್ತಿತ್ತು. ಮೇಷ್ಟ್ರು ಮಂಚದ ತುದಿಯಲ್ಲಿ ಕೂತು ಎರಡೂ ಕಾಲಿಗೆ ಹಾಕಿಕೊಂಡರು, ಲೇಸು ಬಿಗಿದರು, ಎದ್ದು ನಿಂತರು. ಮೂರನೆಯ ಹೆಜ್ಜೆಗೆ ಹಿಮ್ಮಡಿಯ ಕಡೆ ಸೋಲ್ ಬಿರಿದು, ಒಣಗಿದ ಮಣ್ಣಿನ ಹೆಂಟೆಯ ಹಾಗೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು.

"ಒಂದು ದಿನವೂ ಹಾಕಿಲ್ಲವಲ್ಲ. ಹಾಕದೇ ಇದ್ದದ್ದು ಹೇಗೆ ಹಾಳಾಗುತ್ತೆ?" ಎಂದು ಕೇಳಿದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆಯಾಗದಿದ್ದಾಗ ಕೇಳುವ ಹಾಗೆ ಕೇಳಿದರು. ವಾರವಿಡೀ ನನ್ನ ಕಿವಿಯಲ್ಲಿ ಉಳಿದಿರುವುದು ಅದೊಂದೇ ಮಾತು.

ಉತ್ತರ ರಸಾಯನಶಾಸ್ತ್ರದಲ್ಲಿದೆ. ಆ ಸೋಲ್ ಪಾಲಿಯುರೆಥೇನ್‌ನದು. ಹಗುರ, ಮೆತ್ತಗೆ, ಕಾಲಿಗೆ ಹಿತ. ಆದರೆ ಗಾಳಿಯಲ್ಲಿರುವ ತೇವ ಅದರೊಳಗೆ ಸೇರಿ ಅದರ ಉದ್ದನೆಯ ಅಣುಸರಪಳಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಎನ್ನುತ್ತಾರೆ. ಬಿಸಿ ಹೆಚ್ಚಿದಷ್ಟೂ ಅದರ ವೇಗ ಹೆಚ್ಚು. ಸೂರಿಗೆ ಅಂಟಿಕೊಂಡಿರುವ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಇಂಥ ಬೂಟಿಗೆ ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮೂಲೆಯ ಹರಳಿನ ಪೊಟ್ಟಣ ಒಮ್ಮೆ ತೇವ ತುಂಬಿಕೊಂಡಿತೆಂದರೆ ಆಮೇಲೆ ಏನೂ ಹೀರುವುದಿಲ್ಲ. ಬೂಟು ಅಲ್ಲಿದ್ದದ್ದು 11 ವರ್ಷ. ಹಾಕಿಕೊಂಡು ಓಡಾಡಿದ್ದರೂ ಸವೆಯುತ್ತಿತ್ತು ನಿಜ, ಆದರೆ ಒಂದು ಜೊತೆ ಕಾಲನ್ನು ಎಲ್ಲೆಲ್ಲೋ ಕರೆದುಕೊಂಡು ಹೋಗಿ ಸವೆಯುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಮೇಷ್ಟ್ರು ತಲೆಯಾಡಿಸಿದರು. ಆದರೆ ಅವರು ಕೇಳಿದ್ದು ರಸಾಯನಶಾಸ್ತ್ರವನ್ನಲ್ಲ. ಒಳ್ಳೆಯ ದಿನಕ್ಕೆಂದು ಜೋಪಾನ ಮಾಡಿದವರಿಗೆ ಹೀಗಾಗಬಹುದೇ ಎಂದು ಕೇಳಿದ್ದರು.

ದೊಡ್ಡ ಮನೆ ಬಿಟ್ಟು ಎರಡು ಕೋಣೆಯ ಮನೆಗೆ ಹೋಗುತ್ತಿರುವ ಹಿರಿಯ ದಂಪತಿ ಅವರು, ಮೇಷ್ಟ್ರು ಮತ್ತು ನಾನು ಅಮ್ಮ ಎಂದು ಕರೆಯುವ ಅವರ ಹೆಂಡತಿ. ಹೀಗೆ ಮನೆ ಬದಲಿಸುವವರಿಗೆ ವಸ್ತುಗಳನ್ನು ವಿಂಗಡಿಸಲು ನೆರವಾಗುವುದು ನನ್ನ ಕೆಲಸ. ಮಗ ದೂರದ ಊರಿನಿಂದ ದಿನಕ್ಕೆರಡು ಸಲ ಫೋನ್ ಮಾಡುತ್ತಾನೆ. "ಎಲ್ಲಾ ಎಸೆದುಬಿಡಿ ಅಪ್ಪಾ, ಬೇಕಾದರೆ ಹೊಸದು ತಗೊಳ್ಳೋಣ" ಎನ್ನುವುದು ಅವನ ಮಾತು. ಒಳ್ಳೆಯ ಹುಡುಗನೇ, ಆದರೆ ಆ ಮಾತು ತಪ್ಪು. ಒಬ್ಬರ ವಸ್ತುವನ್ನು ಇನ್ನೊಬ್ಬರು ಎಸೆದರೆ ಮನೆ ಖಾಲಿಯಾಗುತ್ತದೆ, ಮನಸ್ಸು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಹಾಗೆ ಖಾಲಿ ಮಾಡಿಸಿಕೊಂಡವರು ಮರುವರ್ಷವೇ ಇಮ್ಮಡಿ ಕೂಡಿಡುವುದನ್ನು ಈ ಕೆಲಸದಲ್ಲಿರುವವರೆಲ್ಲ ಕಂಡಿದ್ದಾರೆ. ಯಾರದ್ದೋ ಅವರೇ ಕೈಯಲ್ಲಿ ಹಿಡಿದು ತೀರ್ಮಾನಿಸಬೇಕು, ಎಷ್ಟು ತಡವಾದರೂ ಸರಿ.

ಮೊದಲ ದಿನ ಯಾವ ಡಬ್ಬವನ್ನೂ ಮುಟ್ಟಲಿಲ್ಲ. ಟೇಪ್ ಹಿಡಿದು ಹೊಸ ಮನೆಯ ಕಪಾಟಿನ ಹಲಗೆಗಳನ್ನು ಅಳೆದೆವು. ಎಲ್ಲ ಸೇರಿ 9 ಮೀಟರ್. ಹಳೆಯ ಮನೆಯಲ್ಲಿ ಅಟ್ಟ ಬಿಟ್ಟು 26. ಪುಸ್ತಕಗಳಾದರೆ ಒಂದು ಮೀಟರಿಗೆ ಸುಮಾರು 30ರಿಂದ 40 ಹಿಡಿಯುತ್ತವೆ. ಮೇಷ್ಟ್ರು ಪುಸ್ತಕಕ್ಕೆ 3 ಮೀಟರ್ ಕೇಳಿದರು, ಅಮ್ಮ ಒಪ್ಪಿದರು. ಅಲ್ಲಿಗೆ ಯಾವ ಪುಸ್ತಕ ಬಿಡಬೇಕು ಎನ್ನುವ ಸಂಕಟ ಹೋಗಿ, ಯಾವ ನೂರು ಬೇಕು ಎನ್ನುವ ಆಯ್ಕೆ ಉಳಿಯಿತು. ನೂರೇ ವಸ್ತುಗಳಲ್ಲಿ ಬದುಕುತ್ತೇನೆ ಎಂಬಂಥ ಪಣಗಳ ಮೇಲೆ ನನಗೆ ನಂಬಿಕೆಯಿಲ್ಲ. ಅಳತೆ ಜಾಗದಿಂದ ಬರಬೇಕು, ಛಲದಿಂದಲ್ಲ.

ಎರಡನೆಯ ಪಾಠ ಸರದಿಯದು. ಫೋಟೊ, ಪತ್ರಗಳಿಂದ ಶುರು ಮಾಡಿದವರು ಸಂಜೆಯಾದರೂ ಮೊದಲ ಆಲ್ಬಮ್ಮಿನಲ್ಲೇ ಇರುತ್ತಾರೆ. ನೆನಪು ಅಂಟಿಕೊಳ್ಳದ ವಸ್ತುಗಳು ಮೊದಲು ಬರಬೇಕು: ಔಷಧಿ, ವೈರು, ಚಾರ್ಜರ್, ಬಿಲ್ಲು. ಆಮೇಲೆ ಪಾತ್ರೆ, ಬಟ್ಟೆ. ನೆನಪಿನವು ಕಟ್ಟಕಡೆಗೆ, ಅಷ್ಟರಲ್ಲಿ ಕೈ ಪಳಗಿರುತ್ತದೆ. ಒಂದು ಸಲಕ್ಕೆ ಎರಡೇ ಗಂಟೆ. ಅದು ದಾಟಿದರೆ ದಣಿದ ತಲೆ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ, ಇಲ್ಲವೇ ಎಲ್ಲವನ್ನೂ ಎಸೆಯುತ್ತದೆ. ಎರಡಕ್ಕೂ ಮರುದಿನ ಪಶ್ಚಾತ್ತಾಪ ತಪ್ಪದು.

ಚಾರ್ಜರ್‌ಗಳೇ 23 ಇದ್ದವು. ಇವುಗಳ ವಿಷಯದಲ್ಲಿ "ಯಾವುದಕ್ಕಾದರೂ ಬರುತ್ತೆ" ಎನ್ನುವುದು ಅಪಾಯದ ಮಾತು. ಅಡಾಪ್ಟರ್ ಮೇಲೆ ಬರೆದಿರುವ ಔಟ್‌ಪುಟ್ ವೋಲ್ಟ್ ಯಂತ್ರ ಕೇಳುವಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಬಹುದು ಅಥವಾ ಹೆಚ್ಚಿರಬಹುದು, ಕಡಿಮೆ ಇರಕೂಡದು. ದುಂಡು ಪಿನ್ನಿನದಾದರೆ ಪ್ಲಸ್ ಮೈನಸ್ ಗುರುತೂ ಹೊಂದಬೇಕು. 5 ವೋಲ್ಟಿನ ಯಂತ್ರಕ್ಕೆ 12 ವೋಲ್ಟಿನದನ್ನು ಸಿಕ್ಕಿಸಿದರೆ ಅದು ಸುಟ್ಟುಹೋಗಬಹುದು, ಪಿನ್ನು ಸರಿಯಾಗಿ ಕೂತಿತ್ತಲ್ಲ ಎಂದು ಆಮೇಲೆ ಹೇಳಿ ಪ್ರಯೋಜನವಿಲ್ಲ. ಜೋಡಿ ಸಿಕ್ಕಿದ್ದು ಆರಕ್ಕೆ ಮಾತ್ರ. ಆ ಆರಕ್ಕೂ ಯಂತ್ರದ ಹೆಸರಿನ ಚೀಟಿ ಅಂಟಿಸಿದೆವು.

ಅದೇ ಡಬ್ಬದಲ್ಲಿದ್ದ ಒಂದು ಹಳೆಯ ಫೋನಿನ ಬೆನ್ನು ಉಬ್ಬಿತ್ತು. ಒಳಗಿನ ಲಿಥಿಯಂ ಬ್ಯಾಟರಿಯಲ್ಲಿ ಅನಿಲ ತುಂಬಿಕೊಂಡರೆ ಹೀಗಾಗುತ್ತದೆ. ಅದನ್ನು ಒತ್ತಬಾರದು, ಚುಚ್ಚಬಾರದು, ಇನ್ನೊಮ್ಮೆ ನೋಡೋಣವೆಂದು ಚಾರ್ಜಿಗೂ ಹಾಕಬಾರದು. ಕಸದ ಬುಟ್ಟಿಗಂತೂ ಬೇಡವೇ ಬೇಡ. ಉರಿಯುವ ವಸ್ತುಗಳಿಂದ ದೂರ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರ ಕೈಗೇ ಕೊಡಬೇಕು.

ಬೂಟಿನ ಮಾತು ಮತ್ತೆ ಮತ್ತೆ ಬಂದದ್ದು ಇಲ್ಲಿಂದ ಮುಂದೆ. ಕರೆಂಟು ಹೋದರೆ ಬೇಕೆಂದು ಎತ್ತಿಟ್ಟ ಟಾರ್ಚಿನ ಮುಚ್ಚಳ ತಿರುಗಿಸಿದರೆ ಒಳಗೆಲ್ಲ ಬಿಳಿ ಹಿಟ್ಟು. ಆಲ್ಕಲೈನ್ ಸೆಲ್ಲಿನಿಂದ ಸೋರಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿ ತಾಗಿ ಹಾಗೆ ಹೆಪ್ಪುಗಟ್ಟುತ್ತದೆ. ಕೈಗವಸು ಹಾಕಿಕೊಂಡು, ಹತ್ತಿಯ ತುದಿಗೆ ಸ್ವಲ್ಪ ವಿನಿಗರ್ ತಾಗಿಸಿ ಒರೆಸಿದರೆ ಹೋಗುತ್ತದೆ. ಆದರೆ ಇಲ್ಲಿ ಸ್ಪ್ರಿಂಗನ್ನೇ ತಿಂದುಹಾಕಿತ್ತು. ತಿಂಗಳುಗಟ್ಟಲೆ ಬಳಸದ ಯಾವುದರಲ್ಲೂ ಸೆಲ್ ಬಿಡಬಾರದು, ಪಕ್ಕದಲ್ಲಿ ಇಟ್ಟರೆ ಸಾಕು.

ಬಿಲ್ಲುಗಳದ್ದು ಇನ್ನೂ ನೋವಿನ ಕಥೆ. ಮೇಷ್ಟ್ರು ಪ್ರತಿಯೊಂದು ವಾರಂಟಿ ಬಿಲ್ಲನ್ನೂ ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ, ದಿನಾಂಕದ ಪ್ರಕಾರ ಫೈಲ್ ಮಾಡಿದ್ದರು. ತೆರೆದರೆ ಹಾಳೆ ಬೋಳು. ಅಂಗಡಿಯ ಪುಟ್ಟ ಯಂತ್ರದಿಂದ ಬರುವ ನುಣುಪು ಕಾಗದದಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದಲ್ಲಿ ಕಪ್ಪಾಗುವ ಲೇಪವಿರುತ್ತದೆ. ಬೆಳಕು, ಬಿಸಿ ಎರಡೂ ಅದನ್ನು ಮಾಸಿಸುತ್ತವೆ. ಮೆತ್ತನೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸಿರುವ ರಾಸಾಯನಿಕವೂ ಅಷ್ಟೆ. ಜೋಪಾನಕ್ಕೆಂದು ಹಾಕಿದ ಹೊದಿಕೆಯೇ ಅಕ್ಷರ ಅಳಿಸಿತ್ತು. ಇಂಥ ಬಿಲ್ಲನ್ನು ಮನೆಗೆ ಬಂದ ದಿನವೇ ಫೋಟೊ ತೆಗೆದುಕೊಳ್ಳಬೇಕು, ಇಲ್ಲವೇ ಸಾದಾ ಹಾಳೆಗೆ ಜೆರಾಕ್ಸ್ ಮಾಡಿಸಬೇಕು.

"ಇದನ್ನೂ ಮುಟ್ಟಿರಲಿಲ್ಲ," ಎಂದರು ಮೇಷ್ಟ್ರು, ಖಾಲಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ನೀವು ಯಾವುದನ್ನು ಮುಟ್ಟಿದ್ದೀರಿ ರೀ?" ಎಂದರು. ಚುಚ್ಚಲಿಕ್ಕೆ ಹೇಳಿದ್ದಲ್ಲ. ಹೇಳಿದ ಮೇಲೆ ಅವರ ಕಣ್ಣೇ ತುಂಬಿತ್ತು.

ಎತ್ತಿಡುವುದು ಎಂದರೆ ಕಾಲವನ್ನು ನಿಲ್ಲಿಸಿದಂತೆ ಎಂದು ನಾವು ಒಳಗೊಳಗೇ ನಂಬಿದ್ದೇವೆ. ಅಟ್ಟದ ಕತ್ತಲಲ್ಲಿ ರಬ್ಬರ್ ಬ್ಯಾಂಡ್ ಕರಗಿ ಪತ್ರಗಳಿಗೆ ಅಂಟುತ್ತದೆ, ಗುಂಡುಪಿನ್ನು ತುಕ್ಕು ಹಿಡಿದು ಕಾಗದ ತೂತಾಗುತ್ತದೆ, ಕೃತಕ ಚರ್ಮದ ಚೀಲ ಸಿಪ್ಪೆ ಸುಲಿಯುತ್ತದೆ. ಬಳಕೆಯಿಂದ ಬಂದ ಸವೆತಕ್ಕೆ ಒಂದು ಲೆಕ್ಕವಿರುತ್ತದೆ, ಇಷ್ಟು ನಡೆದೆ, ಇಷ್ಟು ಬರೆದೆ ಎಂದು. ಕಾಯುವಿಕೆಯಿಂದ ಬಂದ ಸವೆತಕ್ಕೆ ಅದೂ ಇಲ್ಲ. ಕಡಿಮೆ ವಸ್ತುಗಳ ಬದುಕು ಎಂದರೆ ತ್ಯಾಗ ಎಂದುಕೊಳ್ಳುವವರಿಗೆ ಆ ಬೂಟಿನ ಸೋಲ್‌ನ ಪುಡಿಯನ್ನು ತೋರಿಸಬೇಕು ಅನ್ನಿಸುತ್ತದೆ. ಇರುವುದೆಲ್ಲ ದಿನವೂ ಕೈಗೆ ಸಿಗುವಷ್ಟು ಮಾತ್ರ ಇದ್ದರೆ ಒಂದೂ ಹೀಗೆ ಯಾರೂ ನೋಡದೆ ಸಾಯುವುದಿಲ್ಲ.

ಇಷ್ಟಾದರೂ ಬಿಡುವುದು ಕಷ್ಟ, ಅದಕ್ಕೆ ನಾಚಬೇಕಾಗಿಲ್ಲ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರಿಗೆ ಒಂದೊಂದು ಮಗ್ ಕೊಟ್ಟಿದ್ದರು. ಆಗಷ್ಟೇ ಕೈಗೆ ಬಂದ ಆ ಮಗ್ಗಿಗೆ ಅವರು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ್ದರ ಸುಮಾರು ಎರಡರಷ್ಟು. ಕೆಲವೇ ನಿಮಿಷದ ಒಡೆತನಕ್ಕೇ ಅಷ್ಟು ಬೆಲೆಯಾದರೆ 11 ವರ್ಷದ್ದು? ಅದಕ್ಕೇ "ಇದು ಬೇಕಾ?" ಎಂದು ಕೇಳಬಾರದು, ಎಲ್ಲದಕ್ಕೂ ಹೂಂ ಎಂಬ ಉತ್ತರವೇ ಬರುತ್ತದೆ. "ಇದು ನಿಮ್ಮ ಹತ್ತಿರ ಇಲ್ಲದೇ ಹೋಗಿದ್ದರೆ ಈವತ್ತು ಹೋಗಿ ತರುತ್ತಿದ್ರಾ?" ಎಂದು ಕೇಳಬೇಕು. ಮೇಷ್ಟ್ರು ಈ ಪ್ರಶ್ನೆಗೆ ಪ್ರತಿ ಸಲ ಕಣ್ಣು ಮುಚ್ಚಿ ಯೋಚಿಸುತ್ತಿದ್ದರು. ಮೂರು ಹೊಲಿಗೆ ಕತ್ತರಿಯಲ್ಲಿ ಒಂದನ್ನು ಉಳಿಸಿದರು. ತೀರ್ಮಾನ ಬಾರದವು ಎರಡು ಡಬ್ಬ ಆದವು. ಮೇಲೆ ಆರು ತಿಂಗಳ ಮುಂದಿನ ತಾರೀಖು ಬರೆದೆವು. ಒಳಗೇನಿದೆ ಎಂದು ಬರೆಯಲಿಲ್ಲ. ಅಷ್ಟರಲ್ಲಿ ನೆನಪಾಗಿ ಹುಡುಕಿದ್ದು ಹೊರಗೆ ಬರುತ್ತದೆ, ಉಳಿದದ್ದು ಡಬ್ಬದ ಸಮೇತ ಬೇರೆಯವರಿಗೆ ಹೋಗುತ್ತದೆ.

ಸಂಜೆ ಹೊರಡುವಾಗ ಬೂಟನ್ನು ಕಸದ ಚೀಲಕ್ಕೆ ಹಾಕಲು ಕೈಚಾಚಿದೆ. "ತಾಳಿ" ಎಂದರು ಮೇಷ್ಟ್ರು. ಕನ್ನಡಕ ಸರಿಮಾಡಿಕೊಂಡು, ಎಂಟೂ ಜೊತೆ ತೂತಿನಿಂದ ಲೇಸನ್ನು ನಿಧಾನವಾಗಿ ಎಳೆದು ತೆಗೆದರು, ಎರಡೂ ಕಾಲಿನದು. ಎಳೆದು ನೋಡಿದರು. ನೂಲಿಗೆ ಏನೂ ಆಗಿರಲಿಲ್ಲ. ಆಮೇಲೆ ಬಾಗಿಲ ಹತ್ತಿರ ಬಿಟ್ಟಿದ್ದ, ದಿನವೂ ಹಾಕಿ ಹಾಕಿ ಮುಂಗಾಲು ಮಡಚಿಹೋದ ಹಳೆಯ ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಿತ್ತುಹೋದ ಲೇಸು ಬಿಚ್ಚಿ ಹೊಸದನ್ನು ಪೋಣಿಸಲು ಕೂತರು.