ಚಿಪ್ ಒಳಗೆ ಮೆದುಳು ಬೆಳೆಸ್ತೀರಂತೆ, ಹೌದಾ?

ನಾನು ನರಕೋಶಗಳ ಜೊತೆ ಕೆಲಸ ಮಾಡುತ್ತೇನೆ ಎಂದು ಗೊತ್ತಾದ ಕೂಡಲೇ ನೆಂಟರು, ಅಕ್ಕಪಕ್ಕದವರು, ಕಾಲೇಜು ಹುಡುಗರು ಎಲ್ಲರೂ ಕೇಳುವ ಪ್ರಶ್ನೆ ಇದು. "ಚಿಪ್ ಒಳಗೆ ಮೆದುಳು ಬೆಳೆಸ್ತೀರಂತೆ, ಹೌದಾ?"

ಮೆದುಳಲ್ಲ, ನರಕೋಶಗಳು. ಅವನ್ನು ಬೆಳೆಸುವುದಕ್ಕೆ ಚಿಪ್ಪೇ ಬೇಕೆಂದಿಲ್ಲ. 1907ರಲ್ಲೇ ರಾಸ್ ಹ್ಯಾರಿಸನ್ ಎಂಬ ಅಮೆರಿಕದ ವಿಜ್ಞಾನಿ ಕಪ್ಪೆಯ ಭ್ರೂಣದ ನರದ ತುಣುಕನ್ನು ಒಂದು ಹನಿ ದುಗ್ಧರಸದಲ್ಲಿಟ್ಟು, ಅದರಿಂದ ಎಳೆ ಹೊರಡುವುದನ್ನು ಕಣ್ಣಾರೆ ನೋಡಿದ್ದರು. ಇವತ್ತಿಗೂ ಹೆಚ್ಚಿನ ಲ್ಯಾಬ್‌ಗಳಲ್ಲಿ ಸಾದಾ ಪ್ಲಾಸ್ಟಿಕ್ ತಟ್ಟೆಯೇ ಸಾಕು. ಹಾಗಾದರೆ ಚಿಪ್ (ಕಂಪ್ಯೂಟರಿನದಲ್ಲ, ಸಣ್ಣ ಕಾಲುವೆಗಳಿರುವ ರಬ್ಬರ್ ತುಂಡು) ಯಾಕೆ? ನರಕೋಶಕ್ಕೆ ತೊಂದರೆ ಆದಾಗ ಅದು ಎಲ್ಲಿ ಶುರುವಾಯಿತು ಅಂತ ತಿಳಿಯುವುದಕ್ಕೆ.

ಈ "ಎಲ್ಲಿ" ಅನ್ನುವುದು ಬೇರೆ ಕೋಶಗಳ ವಿಷಯದಲ್ಲಿ ಇಷ್ಟು ದೊಡ್ಡ ಪ್ರಶ್ನೆ ಅಲ್ಲ. ನರಕೋಶದ ಆಕಾರವೇ ವಿಚಿತ್ರ. ನಿಮ್ಮ ಪಾದವನ್ನು ಅಲ್ಲಾಡಿಸುವ ನರಕೋಶದ ಒಡಲು ಬೆನ್ನುಹುರಿಯಲ್ಲಿದೆ. ಅದರ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಆದರೆ ಅದರಿಂದ ಹೊರಟ ಆಕ್ಸಾನ್ ಎಂಬ ಎಳೆ ಸುಮಾರು ಒಂದು ಮೀಟರ್ ದೂರ ಹೋಗಿ ಪಾದ ಮುಟ್ಟುತ್ತದೆ. ಒಂದೇ ಕೋಶ, ಆದರೆ ಒಡಲು ಇರುವ ಜಾಗ ಬೇರೆ, ತುದಿ ಇರುವ ಜಾಗ ಬೇರೆ. ಕಾಲಿನಲ್ಲಿ ಆ ಎಳೆಗೆ ಏಟು ಬಿದ್ದರೆ ಒಡಲಿಗೆ ಸುದ್ದಿ ಮುಟ್ಟಬೇಕು. ಒಡಲಲ್ಲಿ ತಯಾರಾದ ಸಾಮಗ್ರಿ ತುದಿಯವರೆಗೆ ಸಾಗಬೇಕು.

ಸಾದಾ ತಟ್ಟೆಯಲ್ಲಿ ಇದೆಲ್ಲ ಕಲಸಿಹೋಗುತ್ತದೆ. ಎಳೆಗಳು ಸಿಕ್ಕುಸಿಕ್ಕಾಗಿ ಹಬ್ಬುತ್ತವೆ, ಯಾವುದು ಯಾವ ಕೋಶದ್ದು ಅಂತಾನೇ ಗೊತ್ತಾಗುವುದಿಲ್ಲ. ಔಷಧಿ ಹಾಕಿದರೆ ಒಡಲಿಗೂ ತಗಲುತ್ತದೆ, ಎಳೆಗೂ ತಗಲುತ್ತದೆ.

ಇದಕ್ಕೆ ಮೊದಲ ಒಳ್ಳೆಯ ಉಪಾಯ ಹುಡುಕಿದವರು ರಾಬರ್ಟ್ ಕ್ಯಾಂಪನೋ ಎಂಬ ವಿಜ್ಞಾನಿ. 1977ರಲ್ಲಿ ಅವರು ತಟ್ಟೆಯ ಮೇಲೆ ಟೆಫ್ಲಾನ್ ಗೋಡೆಗಳನ್ನಿಟ್ಟು, ಸಿಲಿಕೋನ್ ಗ್ರೀಸ್ ಹಚ್ಚಿ ಬೇರೆ ಬೇರೆ ಕೋಣೆ ಮಾಡಿದರು. ಎಳೆಗಳು ಗೋಡೆಯ ಅಡಿಯಿಂದ ನುಸುಳಿ ಪಕ್ಕದ ಕೋಣೆಗೆ ಹೋಗುತ್ತಿದ್ದವು. ಇಲಿಮರಿಗಳ ನರಕೋಶಗಳಿಗೆ ಬೇಕಾದ ಬೆಳವಣಿಗೆಯ ಪ್ರೋಟೀನ್ ಪಕ್ಕದ ಕೋಣೆಯಲ್ಲಿ ಇದ್ದರೆ ಮಾತ್ರ ಎಳೆ ಅಲ್ಲಿಗೆ ಬೆಳೆಯುತ್ತಿತ್ತು. ಒಡಲಿರುವ ಕೋಣೆಯಲ್ಲಿ ಅದು ಎಷ್ಟೇ ಇದ್ದರೂ ಪ್ರಯೋಜನ ಇರಲಿಲ್ಲ. ತುದಿಯ ಬೆಳವಣಿಗೆ ತುದಿಯಲ್ಲೇ ತೀರ್ಮಾನವಾಗುತ್ತದೆ! ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಸುಂದರ ಪ್ರಯೋಗ ಇದೇ. ಆದರೆ ಗ್ರೀಸ್ ಕೆಲಸಕ್ಕೆ ಕೈ ಪಳಗಬೇಕು, ಸ್ವಲ್ಪ ಎಡವಟ್ಟಾದರೂ ಸೋರುತ್ತದೆ. ಮೆದುಳಿನ ಸೂಕ್ಷ್ಮ ಕೋಶಗಳಿಗಂತೂ ಈ ದಾರಿ ಕಷ್ಟವಾಗಿತ್ತು.

ಈಗ ನಾವು ಬಳಸುವ ಚಿಪ್‌ಗಳ ಮೂಲ ಮಾದರಿ ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನಿಂದ. ಆನ್ ಟೇಲರ್, ನೂ ಲೀ ಜಿಯಾನ್, ಕಾರ್ಲ್ ಕಾಟ್‌ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ವಿನ್ಯಾಸ ಅದು. ನೋಡಲು ಹೆಬ್ಬೆರಳಿನ ಗಾತ್ರದ ಪಾರದರ್ಶಕ ರಬ್ಬರ್ ತುಂಡು ಅಷ್ಟೇ. ಪಿಡಿಎಂಎಸ್ ಎಂಬ ಸಿಲಿಕೋನ್ ದ್ರವಕ್ಕೆ ಹತ್ತಕ್ಕೊಂದು ಪಾಲು ಗಟ್ಟಿಮಾಡುವ ದ್ರವ ಬೆರೆಸಿ, ಗುಳ್ಳೆ ತೆಗೆದು, ಅಚ್ಚಿನ ಮೇಲೆ ಸುರಿದು ಓವನ್‌ನಲ್ಲಿ ಇಡುತ್ತೇವೆ. ಗಟ್ಟಿಯಾದ ಮೇಲೆ ಸುಲಿದು ಗಾಜಿನ ಮೇಲೆ ಕೂರಿಸುತ್ತೇವೆ. ಒಳಗೆ ಅಕ್ಕಪಕ್ಕ ಎರಡು ಕೋಣೆ. ನಡುವೆ ಸಾಲುಸಾಲಾಗಿ ಸಣ್ಣ ಕಾಲುವೆಗಳು: 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಗಲ, 3 ಮೈಕ್ರಾನ್ ಎತ್ತರ, 450 ಮೈಕ್ರಾನ್ ಉದ್ದ. ಕೋಶದ ಒಡಲು ಅದರಲ್ಲಿ ತೂರಲಾರದು, ಆಕ್ಸಾನ್ ತೂರುತ್ತದೆ. ಕೋಶದ ಗಿಡ್ಡ ಕವಲುಗಳು ಅಷ್ಟು ದೂರ ಬರುವುದು ಅಪರೂಪ. ಸುಮಾರು ಒಂದು ವಾರದಲ್ಲಿ ಆಚೆ ಕೋಣೆಯಲ್ಲಿ ಬರೀ ಆಕ್ಸಾನ್‌ಗಳು ಕಾಣಿಸತೊಡಗುತ್ತವೆ.

ಎಲ್ಲರೂ ಇಲ್ಲಿ ಕೇಳುತ್ತಾರೆ: ಕಾಲುವೆ ತೆರೆದೇ ಇದೆಯಲ್ಲ, ಔಷಧಿ ಆಚೆಗೆ ಸೋರಲ್ವಾ? ಇದಕ್ಕೆ ಬಾಗಿಲೂ ಇಲ್ಲ, ಪಂಪೂ ಇಲ್ಲ. ಔಷಧಿ ಇಲ್ಲದ ಬದಿಗೆ ಸುಮಾರು 50 ಮೈಕ್ರೋಲೀಟರ್, ಅಂದರೆ ಒಂದು ಹನಿಯಷ್ಟು, ಮೀಡಿಯಂ (ಕೋಶಗಳಿಗೆ ಆಹಾರವಾಗುವ ದ್ರವ) ಜಾಸ್ತಿ ಹಾಕುತ್ತೇವೆ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವ ಹಾಗೆ ದ್ರವ ಔಷಧಿಯ ಕಡೆಗೇ ಹರಿಯುತ್ತದೆ. ಕಾಲುವೆ ಅಷ್ಟು ಕಿರಿದಾದ್ದರಿಂದ ಮಟ್ಟ ಸಮವಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತೂ ಔಷಧಿ ಆ ಹರಿವಿಗೆ ಎದುರಾಗಿ ಬರಲಾರದು.

ಇಷ್ಟು ಸಿಕ್ಕಮೇಲೆ ಎಂಥೆಂಥ ಪ್ರಶ್ನೆ ಕೇಳಬಹುದು ನೋಡಿ. ಆಚೆ ಕೋಣೆಯ ದ್ರವವನ್ನು ರಭಸವಾಗಿ ಹೀರಿದರೆ ಆಕ್ಸಾನ್‌ಗಳು ತುಂಡಾಗುತ್ತವೆ, ಒಡಲಿಗೆ ಏನೂ ಆಗುವುದಿಲ್ಲ. ಆಮೇಲೆ ಅವು ಮತ್ತೆ ಬೆಳೆಯುವುದನ್ನು ನೋಡಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿ ಪಡೆದವರಿಗೆ ಬೆರಳ ತುದಿ ಜೋಮು ಹಿಡಿಯುವುದುಂಟು. 2009ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇಂಥದೇ ಚಿಪ್‌ನಲ್ಲಿ ಆ ಔಷಧಿಯನ್ನು ಆಕ್ಸಾನ್ ಬದಿಗೆ ಮಾತ್ರ ಹಾಕಿ ನೋಡಿದರು. ಎಳೆಗಳು ಹಾಳಾಗಲು ಅಷ್ಟೇ ಸಾಕಾಯಿತು.

ನನಗೆ ತೀರಾ ಹತ್ತಿರವೆನಿಸುವ ಉದಾಹರಣೆ ರೇಬೀಸ್. ನಾಯಿ ಕಚ್ಚಿದ ಜಾಗದಿಂದ ವೈರಸ್ ನರದ ತುದಿ ಹಿಡಿದು ಮೆದುಳಿನ ಕಡೆ ಸಾಗುತ್ತದೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ತಂಡ ಹೊಳೆಯುವ ಗುರುತಿರುವ ವೈರಸ್ಸನ್ನು ಚಿಪ್‌ನ ಆಕ್ಸಾನ್ ಕೋಣೆಗೆ ಹಾಕಿ ಅದರ ಓಟವನ್ನು ನೇರವಾಗಿ ನೋಡಿತು. 2014ರ ಆ ವರದಿಯ ಪ್ರಕಾರ, ಬೆಳವಣಿಗೆಯ ಪ್ರೋಟೀನ್ ಹೊರುವ ಪಿ75 ಎಂಬ ಗ್ರಾಹಕವನ್ನೇ (ಕೋಶದ ಮೈಮೇಲಿನ ಹಿಡಿಕೆಯಂಥ ಅಣು) ವೈರಸ್ ಹಿಡಿದುಕೊಳ್ಳುತ್ತದೆ. ಅಷ್ಟೇ ಅಲ್ಲ, ಆ ಪ್ರೋಟೀನ್‌ಗಿಂತಲೂ ವೇಗವಾಗಿ ಓಡುತ್ತದೆ. ಕ್ಯಾಂಪನೋ ಪಕ್ಕದ ಕೋಣೆಗೆ ಹಾಕಿದ್ದರಲ್ಲ, ಅದೇ ಪ್ರೋಟೀನ್ ಇದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ರೇಬೀಸ್ ಸಹಯೋಗ ಕೇಂದ್ರ ಇರುವಾಗ ಈ ಮಾತು ನಮಗೆ ದೂರದ್ದಲ್ಲ. ವೈರಸ್ ನರದೊಳಗೆ ಸೇರುವ ಮುಂಚೆಯೇ ತಡೆಯಬೇಕು. ಅದಕ್ಕೇ, ನಾಯಿ ಕಚ್ಚಿದರೆ ತಕ್ಷಣ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ದಯವಿಟ್ಟು ನಾಳೆ ನೋಡೋಣ ಅನ್ನಬೇಡಿ.

ಇನ್ನು, "ಅದು ಯೋಚನೆ ಮಾಡುತ್ತಾ?" ಇಲ್ಲ. ಕೋಶಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಮಿಡಿಯುತ್ತವೆ, ಕೆಳಗೆ ಎಲೆಕ್ಟ್ರೋಡ್ ಇಟ್ಟರೆ ಆ ಮಿಡಿತ ದಾಖಲಾಗುತ್ತದೆ. ಆದರೆ ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಗಾಜಿನ ಮೇಲೆ ಹರಡಿದ ಒಂದು ಪದರಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಚಿಪ್‌ಗೂ ಮಿತಿ ಇದೆ. ಪಿಡಿಎಂಎಸ್ ಕೆಲವು ಔಷಧಿಗಳನ್ನು ತಾನೇ ಹೀರಿಕೊಂಡುಬಿಡುತ್ತದೆ, ಹಾಗಾಗಿ ಕೋಶಕ್ಕೆ ತಲುಪಿದ್ದು ಎಷ್ಟು ಅಂತ ಅಳೆಯಲೇಬೇಕು. ರಕ್ತನಾಳ ಇಲ್ಲ, ಯಕೃತ್ತು ಇಲ್ಲ. ತುಂಬಾ ಕಡೆ ಕೋಶಗಳು ಈಗಲೂ ಇಲಿಯ ಭ್ರೂಣದಿಂದಲೇ ಬರುತ್ತವೆ. ರೋಗಿಗಳ ರಕ್ತದಿಂದ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಕೋಶ) ಮಾಡಿ, ಅದರಿಂದ ನರಕೋಶ ಬೆಳೆಸುವ ಕೆಲಸ ಬೆಂಗಳೂರಿನಲ್ಲೂ ನಡೆದಿದೆ. 2023ರಲ್ಲಿ ಭಾರತ ಹೊಸ ಔಷಧಿಗಳ ನಿಯಮ ತಿದ್ದಿ, ಔಷಧಿ ಪರೀಕ್ಷೆಯಲ್ಲಿ ಇಂಥ ಚಿಪ್‌ಗಳಿಗೂ ಜಾಗ ಕೊಟ್ಟಿತು. ನನಗೆ ಅದು ತುಂಬಾ ಖುಷಿ ಕೊಟ್ಟ ಸುದ್ದಿ. ಮುಂದೆ ಯಾರಾದರೂ "ಚಿಪ್‌ನಲ್ಲಿ ಪರೀಕ್ಷೆ ಮಾಡಿದ ಔಷಧಿ" ಎಂದರೆ ಸುಮ್ನೆ ಒಪ್ಪಬೇಡಿ. ಯಾರ ಕೋಶ, ಯಾವ ಬದಿಗೆ ಹಾಕಿದ್ದು, ಎಷ್ಟು ದಿನ ನೋಡಿದ್ದು ಅಂತ ಕೇಳಿ.