ಮುಚ್ಚಿಕೊಳ್ಳದ ವಾಲ್ವ್

ಮೈಸೂರಿನ ಬೋಗಾದಿಯಲ್ಲಿರುವ ನಮ್ಮ ಮನೆಯ ಮುಂದಿನ ಹುಲ್ಲುಹಾಸಿಗೆ ನೆಲದಡಿ ಪೈಪು ಹೂಳಿಸಿ, ಟೈಮರ್ ಇಟ್ಟು ಸ್ಪ್ರಿಂಕ್ಲರ್ ಹಾಕಿಸಿದ್ದೇವೆ. ಕುಡಿಯಲು ಬರುವ ಕಾವೇರಿ ನೀರನ್ನು ಹುಲ್ಲಿಗೆ ಬಿಡಲು ಮನಸ್ಸಾಗದ ಕಾರಣ ಅದಕ್ಕೆ ಬೋರ್‌ವೆಲ್ ನೀರೇ ಗತಿ. ಕಳೆದ ಬೇಸಿಗೆಯಲ್ಲಿ ಗೇಟಿನ ಪಕ್ಕದ ಸ್ಪ್ರಿಂಕ್ಲರ್ ಹೆಡ್ಡಿನ ಸುತ್ತ ನೆಲ ಸದಾ ಕೆಸರಾಗಿರತೊಡಗಿತು. ಅಲ್ಲಿನ ಹುಲ್ಲು ನೀರು ಹೆಚ್ಚಾಗಿಯೇ ಹಳದಿಗೆ ತಿರುಗಿತು.

ಪ್ಲಂಬರ್ ಹೊಸ ಹೆಡ್ಡನ್ನು ಹಿಡಿದುಕೊಂಡೇ ಬಂದರು. "ಹೆಡ್ ಹೋಗಿದೆ ಸಾರ್, ಬದಲಾಯಿಸಿಬಿಡೋಣ" ಎಂದರು. ಆದರೆ ನಮ್ಮಲ್ಲಿರುವಂಥ ಸಾಧಾರಣ ಹೆಡ್ಡಿಗೆ ನೀರನ್ನು ತಡೆಯುವ ಕೆಲಸವೇ ಇಲ್ಲ. ಅದು ವಾಲ್ವಿನ ಕೆಲಸ. ನೀರು ನಿಂತ ಮೇಲೆ ಪೈಪಿನಲ್ಲಿ ಉಳಿದದ್ದು ತಗ್ಗಿನ ಹೆಡ್ಡಿನಿಂದ ಸ್ವಲ್ಪ ಹೊತ್ತು ಜಿನುಗುವುದು ಸಹಜ, ಪೈಪು ಖಾಲಿಯಾದೊಡನೆ ಅದೂ ನಿಲ್ಲಬೇಕು. ಸಂಜೆ ಬಟ್ಟೆಯಿಂದ ಒರೆಸಿಟ್ಟ ಹೆಡ್ಡಿನ ಮೇಲೆ ಬೆಳಗಾದರೂ ನೀರು ಮಿನುಗುತ್ತಿದ್ದರೆ, ಅದು ಪೈಪಿನಲ್ಲಿ ಉಳಿದ ನೀರಲ್ಲ. ಇದನ್ನು ಹೇಳಿದಾಗ ಅವರು ಸ್ವಲ್ಪ ಅನುಮಾನದಿಂದಲೇ ಸಂಪಿನ ಪಕ್ಕದ ವಾಲ್ವ್ ಪೆಟ್ಟಿಗೆಯ ಮುಚ್ಚಳ ತೆಗೆದರು.

ಕರೆಂಟಿನಿಂದ ತೆರೆದುಕೊಳ್ಳುವ ಈ ಸೊಲೆನಾಯ್ಡ್ ವಾಲ್ವಿನೊಳಗೆ ಡಯಾಫ್ರಾಮ್ ಎಂಬ ರಬ್ಬರ್ ಪೊರೆ ಇರುತ್ತದೆ. ಅದರ ಮೇಲೆ ನಿಂತ ನೀರಿನ ಒತ್ತಡವೇ ಅದನ್ನು ಅದುಮಿ ದಾರಿ ಮುಚ್ಚುತ್ತದೆ. ಟೈಮರಿನಿಂದ 24 ವೋಲ್ಟ್ ಬಂದಾಗ ತಂತಿ ಸುತ್ತಿದ ಕಾಯಿಲಿನೊಳಗಿನ ಕಬ್ಬಿಣದ ಕಡ್ಡಿ ಮೇಲೇರಿ, ಆ ನೀರು ಹೊರಹೋಗಿ, ಡಯಾಫ್ರಾಮ್ ಏಳುತ್ತದೆ. ಕರೆಂಟು ನಿಂತ ಮೇಲೆ ಡಯಾಫ್ರಾಮಿನ ಸೂಜಿಮೊನೆಯಷ್ಟಿರುವ ರಂಧ್ರದ ಮೂಲಕ ನೀರು ಮತ್ತೆ ಮೇಲ್ಭಾಗಕ್ಕೆ ತುಂಬಿಕೊಂಡರಷ್ಟೇ ಅದು ಕೆಳಗಿಳಿದು ಭದ್ರವಾಗಿ ಕೂರುತ್ತದೆ. ಇಷ್ಟು ಸಣ್ಣ ದಾರಿಯನ್ನು ನಂಬಿರುವ ಸಾಧನಕ್ಕೆ ಮರಳು ಬರುವ ಬೋರ್‌ವೆಲ್ಲನ್ನು ನೇರವಾಗಿ ಜೋಡಿಸುವುದು ಅನ್ಯಾಯವೇ ಸರಿ.

ಪಂಪು ನಿಲ್ಲಿಸಿ ಸ್ಕ್ರೂಗಳನ್ನು ಬಿಚ್ಚಿದಾಗ ಸ್ಪ್ರಿಂಗು ಚಿಮ್ಮಿ ಕೆಸರಿಗೆ ಬಿತ್ತು. ಡಯಾಫ್ರಾಮನ್ನು ಬೆಳಕಿಗೆ ಹಿಡಿದರೆ ರಂಧ್ರದ ಬಾಯಲ್ಲೇ ಕೆಂಪನೆಯ ಒಂದು ಮರಳಿನ ಕಣ; ಡಯಾಫ್ರಾಮ್ ಕೂರುವ ಅಂಚಿನ ಉದ್ದಕ್ಕೂ ಗಡಸು ನೀರಿನ ಬಿಳಿ ಸುಣ್ಣ. ಪ್ಲಂಬರ್ ತಂತಿ ಚುಚ್ಚಲು ಹೋದರು. ರಂಧ್ರ ಅಗಲವಾದರೆ ವಾಲ್ವಿನ ಲೆಕ್ಕವೇ ತಪ್ಪುವುದರಿಂದ ತಡೆದು, ಹಳೆಯ ಟೂತ್‌ಬ್ರಷ್ಷಿನ ಎಳೆಯೊಂದರಿಂದ ಕಣವನ್ನು ತೆಗೆಸಿದೆ. ಸುಣ್ಣಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿದ ನೀರು ಸಾಕಾಯಿತು. ರಬ್ಬರ್ ಎಲ್ಲಿಯೂ ಹರಿದಿರಲಿಲ್ಲ. ಮತ್ತೆ ಕೂರಿಸುವಾಗ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿದರು, ಆ ಕೈಚಳಕ ನನಗಿಲ್ಲ.

ಮರುದಿನ ಬೆಳಿಗ್ಗೆ ಹೆಡ್ಡು ಒಣಗಿತ್ತು. ಪ್ಲಂಬರ್ ಹೊಸ ಹೆಡ್ಡನ್ನು ಅಂಗಡಿಗೆ ಹಿಂತಿರುಗಿಸಿ, ಆ ಹಣಕ್ಕೆ ನಾನು ಮತ್ತಷ್ಟು ಸೇರಿಸಿದ ಮೇಲೆ ಜಾಲರಿಯ ಫಿಲ್ಟರ್ ಒಂದನ್ನು ತಂದು ಪಂಪಿಗೂ ವಾಲ್ವಿಗೂ ನಡುವೆ ಜೋಡಿಸಿದರು.