ಬೆಸ ತಾರೀಖಿನ ಗುಂಡುಗಳು

ಕಿನ್ಮೆನ್ ತೈಪೆಯಿಂದ ಒಂದು ಗಂಟೆಯ ವಿಮಾನದ ಹಾದಿ. ಆಡಳಿತ ತೈವಾನಿನದು, ದ್ವೀಪ ಇರುವುದು ಮಾತ್ರ ಚೀನಾದ ಫೂಜಿಯನ್ ಪ್ರಾಂತ್ಯದ ಮಗ್ಗುಲಿಗೆ. ಮಾಶಾನ್ ಕಾವಲುಠಾಣೆಯ ಸುರಂಗದಲ್ಲಿ ತಲೆ ಬಗ್ಗಿಸಿ ನಡೆದು, ಕಿಂಡಿಯ ದುರ್ಬೀನಿಗೆ ಕಣ್ಣಿಟ್ಟೆ. ಎರಡು ಕಿಲೋಮೀಟರ್ ಆಚೆ ಚೀನಾ. ಮೀನುದೋಣಿಯಲ್ಲಿ ಬಲೆ ಎಳೆಯುತ್ತಿದ್ದವರ ಟೋಪಿ ಕೂಡ ಕಾಣುತ್ತಿತ್ತು.

1979ರ ಮೇ ತಿಂಗಳ ಒಂದು ರಾತ್ರಿ ಇಲ್ಲಿದ್ದ ಸೇನಾಧಿಕಾರಿ ಲಿನ್ ಯಿಫು ಈಜಿಕೊಂಡು ಆ ದಡ ಸೇರಿದರು. ಮುಂದೆ ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾದರು. ಆದರೆ ಸೇನೆ ತೊರೆದು ಹೋದವರಾದ್ದರಿಂದ, ತಂದೆ ತೀರಿಕೊಂಡಾಗಲೂ ಅವರಿಗೆ ಊರಿಗೆ ಬರಲಾಗಲಿಲ್ಲ. ಹೆಂಡತಿ ಬಂದು ಹೋದರು. ಆ ಕಿಂಡಿಯ ಮುಂದೆ ನಿಂತು ಇದನ್ನು ನೆನೆದಾಗ ಗಂಟಲು ಕಟ್ಟಿತು.

ಪಶ್ಚಿಮಕ್ಕೆ ಗುನಿಂಗ್‌ತೌ ಕಡಲತೀರ. 1949ರ ಅಕ್ಟೋಬರಿನಲ್ಲಿ ಮಾವೋ ಸೇನೆ ಇಲ್ಲಿ ಇಳಿದು ಸೋತಿತು. ದೋಣಿಗಳನ್ನು ತಡೆಯಲು ನೆಟ್ಟ ಕಬ್ಬಿಣದ ಶೂಲಗಳು ಮರಳಿನಲ್ಲಿ ತುಕ್ಕು ಹಿಡಿದು ಇನ್ನೂ ನಿಂತಿವೆ. ಹತ್ತಿರದಲ್ಲೇ 48 ಧ್ವನಿವರ್ಧಕಗಳ ಕಾಂಕ್ರೀಟ್ ಗೋಡೆಯೊಂದಿದೆ; ಆಚೆಯ ದಡಕ್ಕೆ ಪ್ರಚಾರ ಮಾಡಲೆಂದು 1967ರಲ್ಲಿ ಕಟ್ಟಿದ್ದು. ಗಾಯಕಿ ತೆರೇಸಾ ತೆಂಗ್ ದನಿಯನ್ನೂ ಇಲ್ಲಿಂದ ಕೇಳಿಸುತ್ತಿದ್ದರಂತೆ.

ನಾನು ಉಳಿದಿದ್ದ ಹಳೆಯ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ನನ್ನ ತೈವಾನಿ ಸ್ನೇಹಿತೆ ಅವರ ಮಾತನ್ನು ತಿಳಿಸುತ್ತಾ ಹೋದಳು. 1958ರ ಆಗಸ್ಟ್ 23ರ ಸಂಜೆ ಶುರುವಾದ ಫಿರಂಗಿ ದಾಳಿ 44 ದಿನ ನಡೆಯಿತು. ಈ ಪುಟ್ಟ ದ್ವೀಪದ ಮೇಲೆ ಬಿದ್ದ ಗುಂಡುಗಳು ಸುಮಾರು 4.7 ಲಕ್ಷ. ಆಮೇಲೆ ಬಂದದ್ದು ವಿಚಿತ್ರ ವೇಳಾಪಟ್ಟಿ. ಬೆಸ ತಾರೀಖು ಬಂದರೆ ಚೀನಾ ಹೊಡೆಯುವುದು, ಸಮ ತಾರೀಖು ಬಿಡುವು. ವರ್ಷಗಳು ಕಳೆದಂತೆ ಗುಂಡಿನೊಳಗೆ ಮದ್ದಿನ ಬದಲು ಕರಪತ್ರ ತುಂಬಿ ಬಂತು. ಆದರೆ ಉಕ್ಕಿನ ಕವಚ ಮನೆಯ ಮೇಲೆ ಬಿದ್ದರೆ ಸಾವು ಸಾವೇ. "ಬೆಸ ದಿನ ಹೊತ್ತಿಗೆ ಮುಂಚೆ ಉಂಡು ನೆಲಮಾಳಿಗೆಗೆ ಇಳೀತಿದ್ವಿ. ಹಿರಿಮಗ ಹುಟ್ಟಿದ್ದೂ ಅಲ್ಲೇ" ಎಂದರು ಅಜ್ಜಿ.

ಅದು ನಿಂತದ್ದು 1979ರ ಜನವರಿ 1ರಂದು, ಅಮೆರಿಕ ಬೀಜಿಂಗ್ ಸರ್ಕಾರದೊಂದಿಗೆ ರಾಜತಾಂತ್ರಿಕ ಸಂಬಂಧ ಬೆಸೆದ ದಿನವೇ. ಅಜ್ಜಿಯ ನೆಲಮಾಳಿಗೆಯ ಇಪ್ಪತ್ತು ವರ್ಷಗಳ ಭಯಕ್ಕೆ ತೆರೆ ಬಿದ್ದದ್ದು ಅವರು ಕಂಡೇ ಇರದ ರಾಜಧಾನಿಗಳಲ್ಲಿ. ವಿದೇಶಾಂಗ ನೀತಿ ಎಂಬ ಮಾತು ಓದಿದಾಗಲೆಲ್ಲ ಇನ್ನು ನನಗೆ ನೆನಪಾಗುವುದು ಆ ಮಾಳಿಗೆಯ ಮೆಟ್ಟಿಲು. ಸೇನಾಡಳಿತವಂತೂ 1992ರವರೆಗೆ ತೊಲಗಲಿಲ್ಲ. ಯಾರಾದರೂ ತೇಲಿಕೊಂಡು ಆಚೆಗೆ ಹೋದಾರೆಂದು ಬಾಸ್ಕೆಟ್‌ಬಾಲ್ ಮೇಲೂ ನಿಗಾ ಇತ್ತು.

ಅಂದು ಬಿದ್ದ ಆ ಉಕ್ಕಿನಿಂದಲೇ ಇಲ್ಲಿನ ಕಮ್ಮಾರರು ಅಡುಗೆಮನೆಯ ಚಾಕು ಮಾಡುತ್ತಾರೆ. ಅಜ್ಜಿ ಈರುಳ್ಳಿ ಹೆಚ್ಚುತ್ತಿದ್ದದ್ದೂ ಅಂಥದ್ದರಲ್ಲೇ. ಚಹಾ ಕಾಯುತ್ತಿದ್ದ ನೀರು 2018ರಿಂದ ಫೂಜಿಯನ್ನಿಂದ ಸಮುದ್ರದಡಿಯ 16 ಕಿ.ಮೀ. ಕೊಳವೆಯಲ್ಲಿ ಬರುತ್ತಿದೆ. ಹಾಗೆಂದು ನೆಮ್ಮದಿಯೂ ಇಲ್ಲ. 2024ರ ಫೆಬ್ರವರಿಯಲ್ಲಿ ತೈವಾನಿನ ಗಸ್ತುದೋಣಿ ಬೆನ್ನಟ್ಟಿದಾಗ ಚೀನಾದ ದೋಣಿ ಮಗುಚಿ ಇಬ್ಬರು ಸತ್ತರು. ಆಮೇಲೆ ಚೀನಾದ ಕರಾವಳಿ ಪಡೆಯ ಹಡಗುಗಳು ಈ ನೀರಿಗೆ ಮತ್ತೆ ಮತ್ತೆ ನುಗ್ಗುತ್ತಿವೆ.

ಮರುದಿನ ಬೆಳಿಗ್ಗೆ ಹಿರಿಮಗ ಆಚೆ ದಡದ ಚೀನಾದ ನಗರ ಶಿಯಾಮೆನ್‌ನ ದೋಣಿಗೆ ಹೊರಟಿದ್ದರು. ಅರ್ಧ ಗಂಟೆಯ ಪಯಣ. ಮಗಳನ್ನು ಕೊಟ್ಟಿರುವುದು ಆ ಊರಿಗೆ. ಅಜ್ಜಿ ಮೊಮ್ಮಗಳಿಗೆಂದು ಊರಿನ ಕಡಲೆಮಿಠಾಯಿಯನ್ನು ಡಬ್ಬಿಗೆ ಒತ್ತಿ ಒತ್ತಿ ತುಂಬುತ್ತಿದ್ದರು.